ಚೀನೀ ಮಂಟಪದ ಗುಡ್ಡಕ್ಕೆ ಹೋದ ಬುತ್ತಿ

ಬಂದರು ಊರು

ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳುವುದು ಒಂದೇ, ಜರ್ಮನಿಯಲ್ಲಿ ಏನೇನು ನೋಡಿದಿರಿ ಎಂದು. ಗುಡ್ಡದ ಮೇಲಿನ ಚೀನೀ ಮಂಟಪ ನೋಡಿದೆ ಎನ್ನುತ್ತೇನೆ. ಅಲ್ಲಿಗೆ ಮಾತು ನಿಲ್ಲುತ್ತದೆ. "ಯಕ್ಕಾ, ವಿಮಾನ ತಪ್ಪಿ ಹತ್ತಿದ್ದೇನ ಮತ್ತ?" ಎಂದು ಹಿಂದಿನ ಮನೆಯ ಗಂಗವ್ವ ಕೇಳಿಯೇಬಿಟ್ಟಳು.

ತಪ್ಪಿ ಹತ್ತಿರಲಿಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ವಿಮಾನ, ಅಲ್ಲಿಂದ ರೈಲು, ರೈಲಿನಿಂದ ಇಳಿದರೆ ನದಿಯ ದಂಡೆಯ ಒಂದು ಬಂದರು ಊರು. ಸಮುದ್ರವಿಲ್ಲದ ಊರಿಗೆ ಬಂದರು ಎಲ್ಲಿಂದ ಬಂತು ಎಂದು ನಾನೂ ಕೇಳಿದೆ. ನದಿಯೇ ಅಷ್ಟು ಅಗಲ. ನಮ್ಮ ಓಣಿಯಷ್ಟು ಉದ್ದದ ದೋಣಿಗಳು ಕಲ್ಲಿದ್ದಲು, ಕಬ್ಬಿಣ, ಹೊಸ ಕಾರು ಹೊತ್ತುಕೊಂಡು ಸದ್ದಿಲ್ಲದೆ ಅದರ ಮೇಲೆ ಹೋಗುತ್ತವೆ.

ಆ ಊರಲ್ಲಿ ನನ್ನ ಅಣ್ಣನ ಮಗಳು ಸುಜಾತಾ ಇದ್ದಾಳೆ. ಗಂಡ ಮಹಾಂತೇಶ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಏಳು ವರ್ಷದ ಮಗಳು ಮುಗ್ಧಾ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ಉತ್ತರ ಮಾತ್ರ ಸರಿಯಾಗಿಯೇ ಇರುತ್ತದೆ ಎಂದು ಅವಳ ತಾಯಿ ಹೇಳುತ್ತಾಳೆ, ನಂಬಬೇಕು.

ನಾನು ಊರು ನೋಡಲು ಹೋದವಳಲ್ಲ. ಅಣ್ಣ ಈರಪ್ಪ ಹೋದ ಶ್ರಾವಣದಲ್ಲಿ ತೀರಿಕೊಂಡ. ಸುಜಾತಾ ಅವನ ಒಬ್ಬಳೇ ಮಗಳು. ಅವಳು ಬಂದು ಮುಟ್ಟಿದ್ದು ಮೂರನೆಯ ದಿನ, ಎಲ್ಲ ಮುಗಿದ ಮೇಲೆ. ಬಂದವಳು ಅಳಲಿಲ್ಲ. ಹತ್ತು ದಿನ ಇದ್ದು, ಮಾತಾಡಿಸಲು ಬಂದವರಿಗೆಲ್ಲ ಚಹಾ ಮಾಡಿಕೊಟ್ಟು, ಅಪ್ಪನ ಧೋತರ ಮಡಿಸಿಟ್ಟು ಹೋದಳು. ಆಮೇಲೆ ಫೋನು ಶುರುವಾದವು. "ಅತ್ತಿ, ಎಳ್ಳ ಅಮಾಸಿಗೆ ಅಪ್ಪ ಚರಗಾ ಚೆಲ್ಲಾಕ ಯಾವ ಮೂಲಿಂದ ಶುರು ಮಾಡ್ತಿದ್ದ?" ಎಂದು ಒಂದು ದಿನ. "ಅಂವ ಮುಂದ ಏನಂತ ಒದರ್ತಿದ್ದ, ಹಿಂದಿಂದ ನಾವು ಏನಂತಿದ್ದಿವಿ?" ಎಂದು ಇನ್ನೊಂದು ದಿನ. ನಾಲ್ಕನೆಯ ಫೋನಿಗೆ ನಾನೇ ಕೇಳಿದೆ, ಇದೆಲ್ಲ ಯಾಕವ್ವ ಎಂದು.

"ಈ ಸಲ ಅಪ್ಪನ ಚರಗಾ ನಾ ಚೆಲ್ಲತೀನಿ ಅತ್ತಿ. ಇಲ್ಲೇ. ನೀ ಬಂದು ತೋರಿಸಿಕೊಡು."

ಎಳ್ಳ ಅಮವಾಸ್ಯೆಯನ್ನು ಅರಿಯದ ಕಡೆಯ ಓದುಗರಿಗೆ ಎರಡು ಮಾತು. ಚಳಿಗಾಲದ ಆ ಅಮವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಇಷ್ಟಿಷ್ಟು ಕಲಸಿ ಹೊಲದ ಸುತ್ತ ಚೆಲ್ಲುತ್ತ ಬರುತ್ತೇವೆ. ಅದೇ ಚರಗ. ಮನೆಯ ಗಂಡಸು ಬುಟ್ಟಿ ಹಿಡಿದು ಕೂಗುತ್ತ ಮುಂದೆ ನಡೆಯಬೇಕು. ಹಿಂದೆ ಒಬ್ಬರು ಚೊಂಬಿನಿಂದ ನೀರು ಬಿಡುತ್ತ, ಅವನ ಕೂಗಿಗೆ ಓಗೊಡುತ್ತ ಬರಬೇಕು. ತೆನೆ ತುಂಬುವ ಹೊತ್ತಿನಲ್ಲಿ ಭೂಮಿತಾಯಿ ಬಸುರಿ, ಇದು ಆಕೆಯ ಬಯಕೆಯ ಊಟ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ವರ್ಷಕ್ಕೆ ಒಂದೇ ದಿನ, ಅದೂ ಹೊತ್ತು ಮುಳುಗುವುದರೊಳಗೆ.

ಈ ವರ್ಷ ನಮ್ಮ ಹೊಲವನ್ನು ಪಕ್ಕದ ಹೊಲದವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೆವು. ಅವರು ಚರಗ ಚೆಲ್ಲುತ್ತಾರೆ, ಆದರೆ ಅದು ಅವರ ಚರಗ. ಸುಜಾತಾಗೆ ಅದು ಗೊತ್ತಿತ್ತು. ಅದಕ್ಕೇ ನಾನು ಸಜ್ಜೆ ಹಿಟ್ಟು, ಕರಿ ಎಳ್ಳು, ಗುರೆಳ್ಳಿನ ಚಟ್ನಿ ಕಟ್ಟಿಕೊಂಡು ವಿಮಾನ ಹತ್ತಿದ್ದು.

ಮೂರನೆಯ ಮಹಡಿ

ಅಲ್ಲಿಗೆ ಹೋದ ಮೇಲೆ ತಿಳಿಯಿತು, ಹಿಟ್ಟು ತಂದಿದ್ದೆ, ಹೊಲ ತಂದಿರಲಿಲ್ಲ. ಊರ ಹೊರಗೆ ಹೊಲಗಳಿವೆ, ಕಣ್ಣು ಹಾಯುವಷ್ಟು ದೂರ. ಮಂಜು ಬಿದ್ದು ಸುಣ್ಣ ಬಳಿದ ಗೋಡೆಯ ಹಾಗೆ ಮಲಗಿದ್ದವು. ಯಾರದೋ ಒಂದರ ಬದುವಿನ ಮೇಲೆ ಹೋಗಿ ನಿಂತರಾಯಿತಲ್ಲ ಎಂದೆ.

"ಬ್ಯಾಡ್ರಿ ಅತ್ತಿ," ಎಂದ ಮಹಾಂತೇಶ. "ಇಲ್ಲೆ ಮಂದಿ ಹೊಲಕ್ಕ ಕಾಲಿಟ್ರ ಮೊದಲ ಪೊಲೀಸರಿಗೆ ಫೋನ್ ಮಾಡ್ತಾರ, ಆಮ್ಯಾಲ ನಮ್ಮನ್ನ ಮಾತಾಡಸ್ತಾರ."

"ನದಿ ದಂಡಿ?"

"ಎಲ್ಲಾ ಕಾಂಕ್ರೀಟರಿ."

ಬಾಲ್ಕನಿಯ ಎರಡು ಕುಂಡಗಳನ್ನು ತೋರಿಸಿ ಇಲ್ಲೇ ಮಾಡೋಣ ಎಂದ. ಸುಜಾತಾ ಆ ಕುಂಡಗಳನ್ನು ನೋಡಿದ ರೀತಿಗೆ ಅವನು ಚಹಾ ಕುಡಿಯುತ್ತ ಒಳಗೆ ಹೋದ. ಒಂದು ವಾರ ಇದೇ ಮಾತು. ಕೊನೆಗೆ ಅವಳೇ ಹೇಳಿದಳು: ಬಂದರಿನ ಹಿಂದೆ ಗುಡ್ಡವಿದೆ, ಮೇಲೆ ಚೀನೀ ಮಂಟಪವಿದೆ, ಸುತ್ತ ಹುಲ್ಲು ಗಿಡ ಎಲ್ಲ ಇದೆ, ಚಳಿಗಾಲದಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲ. ಜರ್ಮನಿಯಲ್ಲಿ ಚೀನಾದವರ ಮಂಟಪ ಯಾಕೆ ಎಂದು ಕೇಳಲು ನನಗೆ ತೋಚಲಿಲ್ಲ. ಗುಡ್ಡ, ಮೇಲೊಂದು ಮಂಟಪ ಎಂದ ಕೂಡಲೇ ಇದು ನಮ್ಮದೇ ಜಾಗ ಅನ್ನಿಸಿಬಿಟ್ಟಿತ್ತು.

ಅಮವಾಸ್ಯೆಯ ದಿನ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಲು ಕುಳಿತೆ. ಹತ್ತು ರೊಟ್ಟಿ ಆಗಿರಲಿಲ್ಲ, ಬಾಗಿಲ ಗಂಟೆ ಹೊಡೆಯಿತು. ಕೆಳಗಿನ ಮನೆಯ ಯಜಮಾನರು, ಎತ್ತರದ ಮನುಷ್ಯ, ಮೈಮೇಲೆ ನಿಲುವಂಗಿ. ಗೋಡೆ ಒಡೆಯುತ್ತಿದ್ದೀರಾ ಎಂದು ಕೇಳಲು ಬಂದಿದ್ದರು. ಅಲ್ಲಿ ರಜೆಯ ದಿನ ಬೆಳಗಿನ ಹೊತ್ತು ಸದ್ದು ಮಾಡುವುದು ದೊಡ್ಡ ತಪ್ಪು, ಅದಕ್ಕೆ ಕಾಯಿದೆಯೇ ಇದೆಯಂತೆ. ಮಹಾಂತೇಶ ಕೈ ಹಿಸುಕುತ್ತ ನಿಂತ. ಮುಗ್ಧಾ ಮುಂದೆ ಬಂದು ಜರ್ಮನ್‌ನಲ್ಲಿ ಏನೋ ಹೇಳಿದಳು.

"ಏನಂದಿ ಮಗಳ?"

"ಅಜ್ಜಿ ಬ್ರೆಡ್‌ಗೆ ಹೊಡೀತಾಳ ಅಂದೆ," ಎಂದಳು. ಅಪರೂಪಕ್ಕೆ ಕನ್ನಡದಲ್ಲಿ.

ನಾನು ಬಿಸಿ ರೊಟ್ಟಿಯೊಂದಕ್ಕೆ ಬೆಣ್ಣೆ ಸವರಿ ಅವರ ಕೈಯಲ್ಲಿಟ್ಟೆ. ಎರಡೇ ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಎಳ್ಳನ್ನೆಲ್ಲ ನೋಡಿ ಇಳಿದು ಹೋದರು. ಮತ್ತೆ ಗಂಟೆ ಹೊಡೆಯಲಿಲ್ಲ. ಉಳಿದ ರೊಟ್ಟಿಗಳನ್ನು ನಾನು ಕೈಯಲ್ಲೇ ತಟ್ಟಿದೆ, ಕಳ್ಳತನ ಮಾಡುವವಳ ಹಾಗೆ.

ಗುಡ್ಡದ ಮೆಟ್ಟಿಲು

ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ, ಮೊಸರನ್ನ, ಚಟ್ನಿ, ಎಲ್ಲವನ್ನೂ ಒಂದು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿದೆ. ಚರಗದ ಬುಟ್ಟಿ ಬೇರೆ, ತಾಮ್ರದ ಚೊಂಬು ಬೇರೆ. ಮಹಾಂತೇಶ ಎಲ್ಲವನ್ನೂ ಬೆನ್ನಚೀಲಕ್ಕೆ ಹಾಕಿ ಎಂದ, ನಾನು ಒಪ್ಪಲಿಲ್ಲ. ಇಳಕಲ್ ಸೀರೆ, ಮೇಲೆ ಸುಜಾತಾಳ ದಪ್ಪ ಕೋಟು, ಕಾಲಲ್ಲಿ ಅವಳದೇ ಬೂಟು, ಕಂಕುಳಲ್ಲಿ ಬುತ್ತಿ. ಟ್ರಾಮಿನಲ್ಲಿ ಎದುರು ಕುಳಿತ ಅಜ್ಜಿಯೊಬ್ಬಳು ಗಂಟನ್ನೇ ನೋಡುತ್ತಿದ್ದಳು. ಬೆಚ್ಚಗಿದೆ, ಮುಟ್ಟಿ ನೋಡಿ ಎಂದು ಸನ್ನೆ ಮಾಡಿದೆ. ಮುಟ್ಟಿ ನೋಡಿ ಕೈಯನ್ನು ಅಲ್ಲೇ ಇಟ್ಟುಕೊಂಡಳು, ಮುಂದಿನ ನಿಲ್ದಾಣದವರೆಗೆ.

ಅಲ್ಲಿನ ಮಂದಿಯ ಒಂದು ಗುಣ ನನಗೆ ಬಹಳ ಹಿಡಿಸಿತು, ಬಹಳ ಬೇಸರವನ್ನೂ ತಂದಿತು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ, ಗಾಡಿಯಿಲ್ಲ, ಆದರೆ ದೀಪ ಕೆಂಪಗಿದೆ ಎಂದು ನಾಲ್ಕು ಜನ ಚಳಿಯಲ್ಲಿ ಸುಮ್ಮನೆ ನಿಂತಿರುತ್ತಾರೆ. ನಾನು ಒಂದು ಹೆಜ್ಜೆ ಇಟ್ಟೆ. ಮುಗ್ಧಾ ಸೆರಗು ಹಿಡಿದು ಎಳೆದಳು. ನಮ್ಮಲ್ಲಿ ಮಕ್ಕಳನ್ನು ದೊಡ್ಡವರು ಹಿಡಿದು ರಸ್ತೆ ದಾಟಿಸುತ್ತಾರೆ, ಅಲ್ಲಿ ನನ್ನನ್ನು ಆ ಕೂಸು ದಾಟಿಸಿತು.

ಗುಡ್ಡಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲು. ಹಿಮ ಸರಿಸಿ ಮೇಲೆ ಸಣ್ಣ ಜಲ್ಲಿ ಚೆಲ್ಲಿದ್ದರು, ಜಾರದಿರಲೆಂದು. ಮೆಟ್ಟಿಲ ಬುಡದ ಹಲಗೆಯಲ್ಲಿ ಹತ್ತಾರು ಚಿತ್ರ, ಎಲ್ಲಕ್ಕೂ ಅಡ್ಡ ಕೆಂಪು ಗೆರೆ. ನಾಯಿ, ಸೈಕಲ್ಲು, ಬೆಂಕಿ, ಬಾಟಲಿ, ಕಡೆಗೊಂದು ಬಾತುಕೋಳಿ.

"ಬಾತುಕೋಳಿ ಏನ ತಪ್ಪ ಮಾಡೇತಿ?" ಎಂದೆ.

"ಪಕ್ಷಿಗಳಿಗೆ ತಿನ್ನಾಕ ಹಾಕಬ್ಯಾಡ್ರಿ ಅಂತ ಅರ್ಥರಿ ಅತ್ತಿ," ಎಂದ ಮಹಾಂತೇಶ. ಅವನ ಮುಖ ಆಗಲೇ ಸಣ್ಣದಾಗಿತ್ತು.

"ನಾವೇನ ಬಾತುಕೋಳಿಗೆ ಹಾಕಾಕ ಬಂದಿಲ್ಲಲ್ಲ. ಬರ್ರಿ."

ಮಂಟಪ

ಕಡೆಯ ಮೆಟ್ಟಿಲು ಹತ್ತಿ ತಲೆ ಎತ್ತಿದೆ. ಬಿಳಿ ಆಕಾಶ, ಬಿಳಿ ನೆಲ, ನಡುವೆ ಕುಂಕುಮದ ಬಣ್ಣದ ಎಂಟು ಕಂಬ. ಮೇಲೆ ಕಪ್ಪು ಹಂಚಿನ ಮಾಡು, ಮೂಲೆಗಳೆಲ್ಲ ಹಾರಲು ಹೊರಟ ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಬಾಗಿದ್ದವು. ಮಾಡಿನ ಏಣಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಮಣ್ಣಿನ ಪ್ರಾಣಿಗಳು. ಅಕ್ಕಪಕ್ಕದ ಮರಗಳಲ್ಲಿ ಒಂದೂ ಎಲೆಯಿಲ್ಲ. ಇದೊಂದು ಮಾತ್ರ ಹಬ್ಬಕ್ಕೆ ಸಿಂಗಾರವಾಗಿ ಯಾರಿಗೋ ಕಾಯುತ್ತಿದ್ದ ಹಾಗಿತ್ತು.

ಮಂಟಪ ಕಂಡ ಮೇಲೆ ಬೂಟು ಹಾಕಿಕೊಂಡು ಒಳಗೆ ಹೋಗುವುದು ನನ್ನಿಂದ ಆಗುವ ಮಾತಲ್ಲ. ಹೊರಗೇ ಬಿಚ್ಚಿದೆ. ನಾನು ಬಿಚ್ಚಿದೆನೆಂದು ಸುಜಾತಾ ಬಿಚ್ಚಿದಳು. ಅವಳನ್ನು ನೋಡಿ ಮಗಳು, ಕೊನೆಗೆ ನಿಟ್ಟುಸಿರು ಬಿಟ್ಟು ಮಹಾಂತೇಶ. ಹಿಮದ ಮೇಲೆ ನಾಲ್ಕು ಜೊತೆ ಬೂಟು ಸಾಲಾಗಿ ನಿಂತವು. ಒಳಗೆ ಹೋಗಿ ನೋಡಿದರೆ ದೇವರಿಲ್ಲ, ದೀಪವಿಲ್ಲ, ಸುತ್ತ ಕೂಡಲು ಮರದ ಕಟ್ಟೆ ಮಾತ್ರ. ಕಾಲುಚೀಲ ಒದ್ದೆಯಾಗಿ ಪಾದಕ್ಕೆ ಅಂಟಿತು. "ಇದು ಬರೇ ಕುಂದ್ರಾಕ ಕಟ್ಟಿದ್ದ ಅತ್ತಿ," ಎಂದಳು ಸುಜಾತಾ ಚಳಿಗೆ ಹಲ್ಲು ಕಡಿಯುತ್ತ. ಬೂಟು ಹಾಕಿಕೊಳ್ಳಲು ಮಾತ್ರ ಯಾರೂ ಹೋಗಲಿಲ್ಲ.

ಕಂಬಕ್ಕೆ ಅಂಟಿಸಿದ ಹಿತ್ತಾಳೆಯ ತಗಡನ್ನು ಮುಗ್ಧಾ ಓದಿ, ಅವಳ ತಾಯಿ ಕನ್ನಡ ಮಾಡಿದಳು. ಚೀನಾದ ಒಂದು ಬಂದರು ಊರು ಈ ಬಂದರು ಊರಿಗೆ ಗೆಳೆತನಕ್ಕೆಂದು ಕೊಟ್ಟದ್ದು. ಕಂಬ, ತೊಲೆ, ಹಂಚು, ಕಲ್ಲು ಎಲ್ಲ ಪೆಟ್ಟಿಗೆಗಳಲ್ಲಿ ಹಡಗಿನ ಮೇಲೆ ಬಂದವಂತೆ, ಜೊತೆಗೆ ಬಡಿಗರೂ ಬಂದರಂತೆ. ಒಂದೂ ಮೊಳೆ ಇಲ್ಲ, ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದ್ದು.

ಕಟ್ಟೆಯ ಮೇಲೆ ಕುಳಿತರೆ ಕೆಳಗೆ ಬಂದರು. ಕ್ರೇನುಗಳು ಕತ್ತು ಚಾಚಿ ನಿಂತಿದ್ದವು. ಕೆಂಪು, ನೀಲಿ, ಹಳದಿ ಕಂಟೇನರುಗಳನ್ನು ಒಂದರ ಮೇಲೊಂದು ಒಟ್ಟಿದ್ದರು, ಸುಗ್ಗಿ ಮುಗಿದ ಮೇಲೆ ನಾವು ಬಣವೆ ಒಟ್ಟುವ ಹಾಗೆ. ನಮ್ಮೂರ ಕೆರೆಯ ಏರಿಯ ಮೇಲೆ ಒಂದು ಕಲ್ಲಿನ ಮಂಟಪವಿದೆ. ಸಂತೆಗೆ ಹೋಗುವವರು ಅಲ್ಲಿ ಗಂಟು ಇಳಿಸಿ, ಕಾಲು ಮೇಲೆ ಹಾಕಿಕೊಂಡು ಕುಳಿತು, ಊರ ಸುದ್ದಿ ಮುಗಿಸಿ ಎದ್ದು ಹೋಗುತ್ತಾರೆ. ಅಣ್ಣನಿಗೂ ನನಗೂ ಬಾಲ್ಯದ ಜಗಳಗಳೆಲ್ಲ ನಡೆದದ್ದು, ಮುಗಿದದ್ದು ಅಲ್ಲೇ. ಈಗ ಅಲ್ಲಿ ಯಾರೂ ಕೂಡುವುದಿಲ್ಲ, ಎಲ್ಲರೂ ಬೈಕಿನ ಮೇಲೆ ಹೋಗುತ್ತಾರೆ. ಎಷ್ಟೋ ವರ್ಷದ ಮೇಲೆ ನಾನು ಮಂಟಪವೊಂದರಲ್ಲಿ ಕಾಲು ಮೇಲೆ ಹಾಕಿ ಕುಳಿತದ್ದು ಈ ದೇಶದಲ್ಲಿ.

"ಅಪ್ಪಗ ಈ ಬಂದರ ತೋರಸ್ತೀನಿ ಅಂತ ಏಳ ವರ್ಷ ಅಂದೆ," ಎಂದಳು ಸುಜಾತಾ. ಕಣ್ಣು ಕ್ರೇನುಗಳ ಮೇಲೇ ಇತ್ತು. "ಪ್ರತಿ ಸಲ, ಸುಗ್ಗಿ ಮುಗೀಲಿ ಅಂತಿದ್ದ."

"ಅಂವಗ ಸುಗ್ಗಿ ಎಂದೂ ಮುಗೀಲಿಲ್ಲವಾ."

"ನಾನರ ಜೋರ ಮಾಡಬೇಕಿತ್ತು."

ನಾನು ಗಂಟು ಬಿಚ್ಚಿದೆ.

ಐದು ಕಲ್ಲು

ಪೂಜೆಗೆ ಕಲ್ಲು ಹುಡುಕಬೇಕಲ್ಲ. ಮಂಟಪದ ಹಿಂದೆ ಹೋದವಳು ಅಲ್ಲೇ ನಿಂತೆ. ಬಿಳಿ ಜಲ್ಲಿ ಹಾಸಿದ ಅಂಗಳದಲ್ಲಿ ಮೊಣಕಾಲೆತ್ತರದ ಐದು ಕಲ್ಲು. ಮೈತುಂಬ ತೂತು, ಗೊರಲೆ ತಿಂದ ಮರದ ಹಾಗೆ. ಐವರ ಹಿಂದೆ, ಸ್ವಲ್ಪ ದೂರಕ್ಕೆ, ಸಣ್ಣದೊಂದು ಆರನೆಯ ಕಲ್ಲು. ನಮ್ಮಲ್ಲೂ ಐವರ ಹಿಂದೆ ಒಂದು ಕಲ್ಲು ಇಡುತ್ತಾರೆ, ಕೆಲವರು ಅದನ್ನು ಕರ್ಣ ಎನ್ನುತ್ತಾರೆ.

"ಸುಜಾ, ಬಾ ಇಲ್ಲೆ. ಪಾಂಡವರು ನಮಗಿಂತ ಮೊದಲ ಬಂದು ಕುಂತಾರ."

ಎಲೆ ಅಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದೆ. ಮಹಾಂತೇಶ ಆಚೀಚೆ ನೋಡಿದ. "ಅತ್ತಿ, ಯಾರನ್ನರ ಕೇಳಿ ಮಾಡೂಣಲ್ಲರಿ. ಇಲ್ಲೆ ಎಲ್ಲಾಕ್ಕೂ ಒಂದು ಫೆರೈನ್ ಇರತೈತಿ, ಸಂಘ. ಈ ಮಂಟಪಕ್ಕೂ ಇದ್ದ ಇರತೈತಿ."

"ದೇವರಿಗೆ ಸುಣ್ಣಾ ಹಚ್ಚಾಕ ಸಂಘದವರನ್ನ ಕೇಳಬೇಕಾ?" ಎಂದೆ. ಆ ಮಾತನ್ನು ಇವತ್ತಿಗೂ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ಸುಜಾತಾ ಒಂದಕ್ಕೆ, ನಾನು ಒಂದಕ್ಕೆ, ಐದಕ್ಕೂ ಬೆರಳಲ್ಲಿ ಸುಣ್ಣ ಸವರಿದೆವು, ಮೇಲೆ ಕುಂಕುಮ ಇಟ್ಟೆವು. ಕರ್ಣನಿಗೂ ಒಂದು ಬೊಟ್ಟು. ನೋಡಲು ಬಹಳ ಚೆಂದ ಕಂಡವು.

ಮೆಟ್ಟಿಲ ಕಡೆಯಿಂದ ಪೊರಕೆ ಎಳೆಯುವ ಸದ್ದು ಬಂತು. ಸಣ್ಣ ಮೈಯ ಚೀನೀ ಹೆಂಗಸು, ಎಪ್ಪತ್ತು ದಾಟಿರಬೇಕು, ತಲೆಗೆ ಉಣ್ಣೆಯ ಟೊಪ್ಪಿ, ಕೈಯಲ್ಲಿ ಅವಳಿಗಿಂತ ಉದ್ದದ ಪೊರಕೆ. ಮೊದಲು ನಮ್ಮ ಬೂಟುಗಳ ಸಾಲನ್ನು ಕಂಡು ನಕ್ಕಳು. ಆಮೇಲೆ ಕಲ್ಲುಗಳನ್ನು ಕಂಡಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪೊರಕೆಯನ್ನು ಮೆಲ್ಲನೆ ಕೆಳಗಿಟ್ಟು, ಮೊದಲನೆಯ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಸುಣ್ಣವನ್ನು ಬೆರಳಿಗೆ ತೆಗೆದುಕೊಂಡು ನೋಡಿದಳು. ತಗ್ಗಿದ ದನಿಯಲ್ಲಿ ಜರ್ಮನ್‌ನಲ್ಲಿ ಮಾತಾಡಿದಳು. ಸುಜಾತಾಳ ಮುಖ ಬಿಳಚಿತು.

"ಏನಂತಾಳವಾ?"

"ಆಕಿ ಹೆಸರು ಲಿನ್ ಅಂತ. ಈ ಕಲ್ಲು ಆಕಿ ಗಂಡ ಇಟ್ಟಿದ್ದಂತ ಅತ್ತಿ. ಮಂಟಪದ ಜೋಡಿ ಬಂದ ಬಡಿಗರೊಳಗ ಅಂವನೂ ಒಬ್ಬನಂತ. ಯಾವುದೋ ಕೆರಿ ತಳದಾಗಿನ ಕಲ್ಲಂತ, ನೀರಽ ತೂತು ಕೊರದೈತಂತ. ಹುಲ್ಲಾಗ ಸುತ್ತಿ ಹಡಗದಾಗ ತಂದು, ಮೂರ ದಿನ ತಿರುವಿ ತಿರುವಿ ನೋಡಿ, ಮಾರಿ ಯಾ ಕಡೆ ಬರಬೇಕಂತ ಇಟ್ಟಾನಂತ."

"ಅಂವ ಈಗ?"

"ತೀರಿಕೊಂಡಾನಂತ. ಈಕಿ ಇಲ್ಲೇ ಉಳಕೊಂಡ್ಲಂತ. ಸಂಘದವರು ಪೊರಕಿ ಇಡೂ ಗೂಡಿನ ಕೀಲಿ ಕೊಟ್ಟಾರ, ದಿನಾ ಬಂದು ಕಸಾ ಹೊಡೀತಾಳಂತ."

ನನಗೆ ನಿಂತಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಪೂಜೆ ಮಾಡುತ್ತಿದ್ದ ಆ ಐದು ಕಲ್ಲುಗಳಿಗೆ ಯಾರಾದರೂ ಬಂದು ಬಣ್ಣ ಬಳಿದಿದ್ದರೆ ನಾನು ಸುಮ್ಮನೆ ಕೂಡುತ್ತಿದ್ದೆನೇ? ಚೊಂಬಿನಲ್ಲಿ ಚರಗಕ್ಕೆಂದು ಮನೆಯಿಂದ ತಂದ ನೀರಿತ್ತು. ಅದನ್ನೇ ಕಲ್ಲಿನ ಮೇಲೆ ಸುರಿದು ಸೀರೆಯ ಸೆರಗಿನಿಂದ ತಿಕ್ಕತೊಡಗಿದೆ. ಸುಜಾತಾ ಬಂದು ಕುಳಿತಳು. ಮಹಾಂತೇಶ ಕೋಟಿನ ತೋಳು ಏರಿಸಿ ಮೂರನೆಯ ಕಲ್ಲು ಹಿಡಿದ. ಲಿನ್ ಬಾಯಿ, ಇನ್ನು ಹೀಗೇ ಕರೆಯುತ್ತೇನೆ, ಪೊರಕೆ ಇಡುವ ಗೂಡಿನಿಂದ ಬಕೆಟ್ಟಿನಲ್ಲಿ ನೀರು ತಂದಿಟ್ಟಳು. ಮೇಲಿನ ಸುಣ್ಣವೇನೋ ಹೋಯಿತು, ತೂತುಗಳೊಳಗಿನದು ಬರಲೊಲ್ಲದು. ಮುಗ್ಧಾಳ ಕಿರುಬೆರಳು ಅಲ್ಲಿಗೆ ಸರಿಯಾಗಿ ಹೋಗುತ್ತಿತ್ತು. ಬೆರಳು ಮರಗಟ್ಟಿದಾಗೆಲ್ಲ ಬಾಯಲ್ಲಿ ಇಟ್ಟುಕೊಳ್ಳಲು ಹೋಗುವಳು, ಸುಣ್ಣ ಎಂದು ತಾಯಿ ಕೈ ಎಳೆಯುವಳು.

ತಿಕ್ಕುತ್ತ ತಿಕ್ಕುತ್ತ ಲಿನ್ ಬಾಯಿ ಒಂದು ಪ್ರಶ್ನೆ ಕೇಳಿದಳು, ಇಷ್ಟೆಲ್ಲ ಯಾರಿಗೆ ಎಂದು. ಯಾರು ಕೇಳಿದರೂ ಸುಜಾತಾ ಅದುವರೆಗೆ ನಮ್ಮ ಕಡೆಯ ಪದ್ಧತಿ ಎಂದಷ್ಟೇ ಹೇಳುತ್ತಿದ್ದಳು. ಈಗ ಎರಡು ಮಾತು ಹೇಳಿದಳು. ಅವು ಮುಗ್ಧಾಳ ಬಾಯಲ್ಲಿ ದಿನವೂ ಕೇಳುವ ಮಾತುಗಳಾದ್ದರಿಂದ ನನಗೂ ತಿಳಿದವು. ನನ್ನ ಅಪ್ಪನಿಗೆ.

ಚರಗ ಸತ್ತವರಿಗಲ್ಲ, ಭೂಮಿತಾಯಿಗೆ. ತಿದ್ದಬೇಕೆಂದು ಬಾಯಿ ತೆರೆದೆ. ಅಜ್ಜಿಯಿಂದ ನನಗೆ ಬಂದ ಮಾತು, ಅದನ್ನು ಕೆಡಿಸಬಾರದಲ್ಲ. ಸುಜಾತಾಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಕಲ್ಲು ಸ್ವಚ್ಛವಾಗುವ ಹೊತ್ತಿಗೆ ಮೂರೂವರೆ. ಆ ದೇಶದಲ್ಲಿ ಆ ದಿನಗಳಲ್ಲಿ ಸೂರ್ಯ ನಾಲ್ಕು ದಾಟಿದೊಡನೆ ಮುಳುಗುತ್ತಾನೆ. ಇಲ್ಲಿ ಚೆಲ್ಲಬಹುದೇ ಎಂದು ಸುಜಾತಾ ಈಗ ಕೇಳಿದಳು. ಲಿನ್ ಬಾಯಿ ತಲೆ ಅಲ್ಲಾಡಿಸಿದಳು. ಅನ್ನ ಬಿದ್ದರೆ ಇಲಿ ಬರುತ್ತವೆ, ಸಂಘದವರು ತನ್ನ ಕೀಲಿ ಕಸಿದುಕೊಳ್ಳುತ್ತಾರೆ ಎಂದಳು.

"ಸುಜಾ, ಮನಿಗೆ ಹೋಗೂಣು. ಕುಂಡದಾಗಽ ಮಾಡೂಣು," ಎಂದ ಮಹಾಂತೇಶ. "ಟ್ರಾಮ್ ಸಿಕ್ಕರ ಹೊತ್ತ ಮುಳಗೂದ್ರಾಗ ಮುಟ್ಟತೀವಿ."

"ಕುಂಡದಾಗ ಬ್ಯಾಡರಿ," ಎಂದಳು ಸುಜಾತಾ. ಗಂಟು ಕಟ್ಟತೊಡಗಿದಳು. ಗಂಟು ಕೂಡಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. ಲಿನ್ ಬಾಯಿ ಅದನ್ನು ನೋಡುತ್ತ ನಿಂತಿದ್ದಳು. ಪೊರಕೆ ಎತ್ತಿಕೊಂಡು ಅದರ ತುದಿಯಿಂದ ಗುಡ್ಡದ ಇನ್ನೊಂದು ಬದಿಯ ಇಳಿಜಾರನ್ನು ತೋರಿಸಿ ಏನೋ ಅಂದಳು.

"ತನ್ನ ಕಡೆ ಮಣ್ಣ ಐತಿ ಅಂತಾಳ," ಎಂದಳು ಸುಜಾತಾ.

ಲಿನ್ ಬಾಯಿಯ ತೋಟ

ಆ ಊರವರಿಗೆ ಹಿತ್ತಲು ಮನೆಯ ಹಿಂದೆ ಇರುವುದಿಲ್ಲ, ಊರಾಚೆ ಇರುತ್ತದೆ. ಬೂಟು ಹಾಕಿಕೊಂಡು ಲಿನ್ ಬಾಯಿಯ ಹಿಂದೆ ಇಳಿದೆವು. ಗುಡ್ಡದ ಹಿಂದೆ ಸಾಲು ಸಾಲಾಗಿ ತುಂಡು ನೆಲ, ಒಂದೊಂದಕ್ಕೂ ಬೇಲಿ, ಗೇಟು, ಬೆಂಕಿಪೊಟ್ಟಣದಂಥ ಮರದ ಗುಡಿಸಲು. ಮಂದಿ ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುತ್ತಾರೆ. ಶ್ರೇಬರ್‌ಗಾರ್ಟನ್ ಎನ್ನುತ್ತಾರಂತೆ. ಬೇಲಿ ಎಷ್ಟು ಎತ್ತರ ಇರಬೇಕೆಂಬುದಕ್ಕೂ ಕಾಯಿದೆ.

ಲಿನ್ ಬಾಯಿಯ ತೋಟ ನಮ್ಮ ಮನೆಯ ಅಂಗಳಕ್ಕಿಂತ ಸ್ವಲ್ಪ ದೊಡ್ಡದು. ಬೆಳ್ಳುಳ್ಳಿ ಹಿಮದೊಳಗಿಂದ ಹಸಿರು ಮೊಳಕೆ ಚಾಚಿತ್ತು, ಪ್ಲಾಸ್ಟಿಕ್ಕಿನ ಕೆಳಗೆ ಯಾವುದೋ ಸೊಪ್ಪು. ನಾನು ಬಗ್ಗಿ ಒಂದು ಹೆಂಟೆ ಎತ್ತಿದೆ. ನಮ್ಮ ಎರೆಮಣ್ಣಿನಂತೆ ಕೈಗೆ ಅಂಟುವ ಮಣ್ಣಲ್ಲ, ಪುಡಿಪುಡಿ, ಕಲ್ಲಿನಷ್ಟು ತಣ್ಣಗೆ. ಆದರೆ ಮಣ್ಣು. ವರ್ಷಗಟ್ಟಲೆ ಒಬ್ಬರ ಕೈ ಆಡಿದ ಮಣ್ಣು ಎಂದು ಬೆರಳಿಗೆ ತಿಳಿಯುತ್ತಿತ್ತು. ಇಲ್ಲಿ ಇಲಿಯ ಭಯವಿಲ್ಲವೇ ಎಂದು ಸುಜಾತಾಳ ಕೈಯಲ್ಲಿ ಕೇಳಿಸಿದೆ. ನಾಳೆ ಎಲ್ಲವನ್ನೂ ಮಣ್ಣೊಳಗೆ ತಿರುವುತ್ತೇನೆ, ಬೆಳ್ಳುಳ್ಳಿಗೆ ಒಳ್ಳೆಯದು ಎಂದಳು ಲಿನ್ ಬಾಯಿ. ಬೇಸಾಯ ಮಾಡುವವರ ಮಾತು.

ಬುಟ್ಟಿಯಲ್ಲಿ ರೊಟ್ಟಿ ಮುರಿದು, ಕಡಬು, ಅನ್ನ, ಪಲ್ಯ ಎಲ್ಲ ಕಲಸಿದೆ. ರೂಢಿಯ ಕೈ, ಎತ್ತಿ ಮಹಾಂತೇಶನಿಗೆ ಕೊಟ್ಟೆ. "ಹಿಡೀರಿ ಅಳಿಯಪ್ಪ, ಮುಂದ ನಡೀರಿ." ಅವನು ಬುಟ್ಟಿ ತೆಗೆದುಕೊಂಡ. ಒಂದು ಕ್ಷಣ ನೋಡಿ, ಹೆಂಡತಿಯ ಕಡೆ ಚಾಚಿದ.

"ಹೆಣ್ಣಮಕ್ಕಳು ಮುಂದ ನಡದದ್ದು ನಾ ನೋಡಿಲ್ಲವಾ," ಎಂದೆ.

"ಅಪ್ಪಗ ನಾ ಒಬ್ಬಾಕಿನಽ ಅತ್ತಿ."

ಚೊಂಬು ಎತ್ತಿಕೊಂಡೆ, ಖಾಲಿ. ನೀರೆಲ್ಲ ಕಲ್ಲಿಗೆ ಹೋಗಿತ್ತು. ಲಿನ್ ಬಾಯಿ ಮಳೆನೀರಿನ ಪೀಪಾಯಿಯ ಮೇಲಿನ ಮಂಜುಗಡ್ಡೆಯನ್ನು ಸಲಿಕೆಯಿಂದ ಒಡೆದು ತುಂಬಿಕೊಟ್ಟಳು.

ಸುಜಾತಾ ಮೂಡಣ ಮೂಲೆಯಲ್ಲಿ ನಿಂತಳು. "ಹುಲ್ಲುಲ್ಲಿಗೋ," ಎಂದು ಅಪ್ಪನ ಕೂಗು ತೆಗೆದಳು, ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮೆಲ್ಲಗೆ. ಹಿಂದಿನಿಂದ ನಾನು "ಚಲ್ಲಂಬ್ರಿಗೋ" ಎಂದು ಓಗೊಟ್ಟು ನೀರು ಬಿಟ್ಟೆ. ಮೊದಲ ಹಿಡಿ ಹಿಮದ ಮೇಲೆ ಬಿತ್ತು. ಪಕ್ಕದ ತೋಟದ ಬೇಲಿಯ ಮೇಲೆ ಒಬ್ಬ ಗಂಡಸಿನ ಟೊಪ್ಪಿ, ಆಮೇಲೆ ಮುಖ ಕಾಣಿಸಿತು. ಏನು ನಡೆದಿದೆ ಎಂದು ಕೇಳಿರಬೇಕು. ಊಟ ನಡೆದಿದೆ ಎಂದು ಲಿನ್ ಬಾಯಿ ಹೇಳಿದಳಂತೆ. ಅವನು ಹೋಗಲಿಲ್ಲ, ಟೊಪ್ಪಿ ತೆಗೆದು ಅಲ್ಲೇ ನಿಂತ.

ನಲವತ್ತು ಹೆಜ್ಜೆಗೆ ಒಂದು ಸುತ್ತು ಮುಗಿದುಹೋಯಿತು. ನಮ್ಮ ಹೊಲ ಎಂಟೆಕರೆ. ಅಣ್ಣ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಹಿಂದೆ ನಡೆದವರ ಕಾಲು ಸೋಲುತ್ತಿದ್ದವು, ಜೋಳದ ತೆನೆಗಳ ಆಚೆಯಿಂದ ಅವನ ದನಿ ಮಾತ್ರ ಬರುತ್ತಿತ್ತು, ಒಮ್ಮೆ ಹತ್ತಿರ, ಒಮ್ಮೆ ದೂರ. ಮಹಾಂತೇಶ ಆಯಿತೆಂದುಕೊಂಡು ಗುಡಿಸಲ ಮುಂದೆ ಚಾದರ ಹಾಸಿ ಊಟಕ್ಕೆ ಬುತ್ತಿ ಬಿಚ್ಚಿದ.

ಸುಜಾತಾ ನಿಲ್ಲಲಿಲ್ಲ. ಎರಡನೆಯ ಸುತ್ತಿಗೆ ಹೋದಳು. ಮೂರನೆಯದಕ್ಕೆ ದನಿ ಬೇಲಿ ದಾಟಿತು. ನಾಲ್ಕನೆಯ ಸುತ್ತಿನಲ್ಲಿ ನನ್ನ ಮೊಣಕಾಲು ಸೋತವು, ಚೊಂಬನ್ನು ಲಿನ್ ಬಾಯಿ ಇಸಿದುಕೊಂಡಳು. ನಮ್ಮ ಮಾತು ಅವಳ ನಾಲಿಗೆಗೆ ಬರಲಿಲ್ಲ, ಸುಜಾತಾ ಕೂಗಿದಾಗೆಲ್ಲ ತನ್ನ ಮಾತಿನಲ್ಲಿ ಏನೋ ಅಂದು ನೀರು ಬಿಡುತ್ತಿದ್ದಳು. ಮುಗ್ಧಾ ನನ್ನ ಪಕ್ಕ ಬಂದು ನಿಂತು, "ಅಜ್ಜಿ, ಮಮ್ಮಿ ಯಾಕ ಅಳಾಕತ್ತಾಳ?" ಎಂದು ಕೇಳಿದಳು. ಸುಜಾತಾಳ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಕೈ ಎರಡೂ ಚರಗದಲ್ಲಿದ್ದವು, ಒರೆಸಿಕೊಳ್ಳಲಿಲ್ಲ. ಶ್ರಾವಣದಿಂದ ಇಲ್ಲಿಯವರೆಗೆ ನಾನು ಕಾಯುತ್ತಿದ್ದ ಅಳು ಅದು.

ಬಂದರಿನ ಕ್ರೇನುಗಳಲ್ಲಿ ದೀಪ ಹತ್ತತೊಡಗಿದವು. ಮಹಾಂತೇಶ ತಡೆಯಲಾರದೆ ಎದ್ದ. "ಸುಜಾ, ಸಾಕಿನ್ನ, ಜಾರಿ ಬಿದ್ದಗಿದ್ದಿ."

ನಾನು ಅವನ ಕೋಟಿನ ತೋಳು ಹಿಡಿದು ಕೂಡಿಸಿದೆ. "ಬಿಡ್ರಿ ಅಳಿಯಪ್ಪ. ಆಕಿ ಎಂಟೆಕರೆ ಸುತ್ತಾಕತ್ತಾಳ."

ಬುಟ್ಟಿಯಲ್ಲಿ ಇನ್ನೂ ಅರ್ಧ ಚರಗ ಉಳಿದಿತ್ತು.